ಬೆಂಕಿಯಿಲ್ಲದ ಬೆವರು

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೆಸರು ಹೃದಯಾಘಾತದ ಸುದ್ದಿಯೊಂದಿಗೇ ಕೇಳಿಬಂತು. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲವೆಂದು ವರದಿ ಕೊಟ್ಟಿತು. ಭಯ ಇಳಿದರೂ ಪ್ರಶ್ನೆ ಉಳಿಯಿತು: ರಕ್ತನಾಳಗಳನ್ನು ಕಾಪಾಡಿಕೊಳ್ಳುವುದು ಹೇಗೆ?

ಉತ್ತರದ ಒಂದು ಪಾಲು ಹಳೇಕೋಟೆ, ಹೊಳೆನರಸೀಪುರ ಸೀಮೆಯ ಹಿರಿಯರಿಗೆ ಹೊಸದಲ್ಲ. ದೀಪಾವಳಿಯ ಹಿಂದಿನ ಸಂಜೆ ಹಂಡೆ ಬೆಳಗಿ ನೀರು ತುಂಬುವುದು, ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ಹಚ್ಚಿ ಬಿಸಿನೀರು ಹುಯ್ದುಕೊಳ್ಳುವುದು ಹಳೇ ಮೈಸೂರಿನ ಮನೆಮನೆಯ ಪದ್ಧತಿ. ಇನ್ನೊಂದೆಡೆ ಗರಡಿ, ಅಲ್ಲಿ ಕೆಮ್ಮಣ್ಣು, ದಂಡೆ, ಬಸ್ಕಿ, ಎಣ್ಣೆ ತಿಕ್ಕಿದ ಮೈ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸ್ನಾನಭೋಗಕ್ಕೂ ಮಲ್ಲವಿನೋದಕ್ಕೂ ಜಾಗ ಕೊಟ್ಟಿದೆ.

ಶಾಖ ಮತ್ತು ಶ್ರಮ ಬೇರೆ ಬೇರೆಯೆಂದು ನಾವು ಎಣಿಸುತ್ತೇವೆ. ‘ಚರಕಸಂಹಿತೆ’ ಹಾಗೆ ಎಣಿಸಲಿಲ್ಲ. ಅದು ಬೆವರಿಸುವ ಚಿಕಿತ್ಸೆಯನ್ನು ಎರಡಾಗಿ ವಿಂಗಡಿಸಿ, ಬೆಂಕಿಯ ನೆರವಿನಿಂದ ಆಗುವ 13 ಬಗೆಗಳನ್ನೂ ಬೆಂಕಿಯಿಲ್ಲದೆ ಆಗುವ 10 ಬಗೆಗಳನ್ನೂ ಹೇಳುತ್ತದೆ. ಎರಡನೆಯ ಪಟ್ಟಿಯಲ್ಲಿ ದಪ್ಪ ಹೊದಿಕೆ, ಹಸಿವು, ಭಯ, ಕೋಪ, ಬಿಸಿಲು ಎಲ್ಲವೂ ಇವೆ. ಆದರೆ ಮೊದಲ ಹೆಸರು ವ್ಯಾಯಾಮದ್ದು.

ಈ ನೆಂಟಸ್ತಿಕೆಗೆ ಶರೀರವಿಜ್ಞಾನ ಈಗ ಕಾರಣ ಕೊಡುತ್ತದೆ. ಮೈ ಬಿಸಿಯಾದಾಗ ಚರ್ಮದ ನಾಳಗಳು ಅಗಲವಾಗುತ್ತವೆ, ಹೃದಯದ ಬಡಿತ ಏರುತ್ತದೆ, ರಕ್ತ ರಭಸದಿಂದ ಹರಿದು ನಾಳದ ಒಳಪೊರೆಯನ್ನು ಸವರುತ್ತದೆ. ಆ ಪೊರೆ ನೈಟ್ರಿಕ್ ಆಕ್ಸೈಡನ್ನು ಸ್ರವಿಸುತ್ತದೆ. ನಾಳದ ಸ್ನಾಯು ಸಡಿಲುತ್ತದೆ. ನಡೆದಾಗಲೂ ಬಸ್ಕಿ ಹೊಡೆದಾಗಲೂ ಆಗುವುದು ಇದೇ. ಈ ಅನಿಲದ ಪಾತ್ರ ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರ ನೊಬೆಲ್ ಸಂದಿತು.

2015ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನ 2,315 ನಡುವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿತ್ತು. ವಾರಕ್ಕೆ 4ರಿಂದ 7 ಸಲ ಬಿಸಿಗಾಳಿಯ ಸೌನಾ ಕೋಣೆಯಲ್ಲಿ ಬೆವರಿದವರಲ್ಲಿ, ಒಮ್ಮೆ ಮಾತ್ರ ಹೋದವರಿಗಿಂತ, ಹೃದಯ ಸಂಬಂಧಿ ಸಾವು ಕಡಿಮೆಯಿತ್ತು. ಗಟ್ಟಿಮುಟ್ಟಾದವರೇ ಹೆಚ್ಚು ಹೋಗಿರಬಹುದಲ್ಲ ಎಂಬ ಸಂಶಯ ಸಹಜ. ಆದರೆ 2016ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರು, ಮೈ ದಣಿಸದ ಯುವಜನರನ್ನು 8 ವಾರ 40.5 ಡಿಗ್ರಿಯ ನೀರಿನಲ್ಲಿ ಕೂರಿಸಿ ನೋಡಿದಾಗ, ಅವರ ಅಪಧಮನಿಗಳ ಬಿಗಿತ ತಗ್ಗಿತ್ತು.

ಹಾಗೆಂದು ಹಂಡೆಯ ನೀರು ಗರಡಿಗೆ ಬದಲಿಯಲ್ಲ. ಬಿಸಿನೀರು ನಾಳವನ್ನು ಸಡಿಲಿಸೀತು; ತೊಡೆಯ ಸ್ನಾಯುವನ್ನು ಬಲಪಡಿಸದು. ಅಪಾಯವನ್ನೂ ಹಿಂದಿನವರು ಅರಿತಿದ್ದರು. ಮಧುಮೇಹಿಗಳಿಗೆ, ಬಸುರಿಯರಿಗೆ ಬೆವರಿಸುವ ಚಿಕಿತ್ಸೆ ಕೂಡದೆಂದು ಚರಕ ಹೇಳಿದರೆ, ತಲೆಗೆ ಬಿಸಿನೀರು ಬೇಡ, ವ್ಯಾಯಾಮ ಅರ್ಧಶಕ್ತಿಗೆ ನಿಲ್ಲಲಿ ಎಂದು ವಾಗ್ಭಟ ಹೇಳುತ್ತಾನೆ. ಸ್ಪರ್ಶ ಕುಂದಿದ ಮಧುಮೇಹಿಯ ಕಾಲು ಬಿಸಿನೀರಿನಲ್ಲಿ ಸುಟ್ಟರೂ ತಿಳಿಯದೆಂದು ಇಂದಿನ ವೈದ್ಯರೂ ಎಚ್ಚರಿಸುತ್ತಾರೆ. ಎದೆನೋವಿದ್ದವರು ಮೊದಲು ವೈದ್ಯರನ್ನೇ ಕಾಣಬೇಕು.

ಈಗ ಗುಂಡಿ ಒತ್ತಿದರೆ ಬಿಸಿನೀರು ಬರುತ್ತದೆ. ಹಿಂದೆ ಆ ನೀರಿಗಾಗಿ ಬಾವಿಯಿಂದ ಸೇದಬೇಕಿತ್ತು, ಹೊರಬೇಕಿತ್ತು, ಸೌದೆ ಸೀಳಬೇಕಿತ್ತು. ಹಂಡೆ ಕಾಯುವ ಹೊತ್ತಿಗೆ ಮೈ ಬೆವರಿರುತ್ತಿತ್ತು. ನಾವು ಉಳಿಸಿಕೊಂಡದ್ದು ಬಿಸಿನೀರನ್ನು. ಕಳೆದುಕೊಂಡದ್ದು ಚರಕನ ಪಟ್ಟಿಯ ಮೊದಲ ಹೆಸರನ್ನು.