ಅಮೆರಿಕದ ಆನ್‌ಲೈನ್ ತಂತ್ರಜ್ಞಾನ ಪದವಿ: ಹಳೆಯ ಕ್ರೆಡಿಟ್ ಎಷ್ಟು, ಬರವಣಿಗೆ ಎಷ್ಟು?

ಅರ್ಧಕ್ಕೆ ನಿಂತ ಬಿ.ಇ., ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಅಥವಾ ಊರಿನಲ್ಲಿ ಮುಗಿಸಿದ ಬಿ.ಎಸ್ಸಿ. ಹಿಡಿದುಕೊಂಡು ಅಮೆರಿಕ ಸೇರಿದವರಿಗೆ ಅಲ್ಲಿನ ಉದ್ಯೋಗ ಮಾರುಕಟ್ಟೆಯಲ್ಲಿ ಬೇಗನೆ ಎದುರಾಗುವ ಪ್ರಶ್ನೆ ಪದವಿಯದು. ಮನೆ, ಮಕ್ಕಳು, ಪಾಳಿ ಕೆಲಸದ ನಡುವೆ ಕಾಲೇಜಿಗೆ ಹೋಗಿ ಕೂರಲಾಗದವರು ಆನ್‌ಲೈನ್ ಪದವಿಯತ್ತ ತಿರುಗುವುದು ಸಹಜ. ಆಗ ಅವರು ಕೇಳುವುದು ಮುಖ್ಯವಾಗಿ ಎರಡು ಮಾತು. ಹಿಂದೆ ಓದಿದ್ದರಲ್ಲಿ ಎಷ್ಟು ಲೆಕ್ಕಕ್ಕೆ ಬರುತ್ತದೆ? ಪ್ರಬಂಧ ಎಷ್ಟು ಬರೆಯಬೇಕಾಗುತ್ತದೆ?

ಎರಡನೆಯ ಪ್ರಶ್ನೆಯನ್ನು ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ವರ್ಷದ ಕೊನೆಗೆ ಮೂರು ಗಂಟೆ ಕುಳಿತು ಪರೀಕ್ಷೆ ಬರೆದು ಅಭ್ಯಾಸವಾದವರಿಗೆ, ವಾರ ವಾರವೂ ಆಧಾರಸೂಚಿ ಸಹಿತ ಪ್ರಬಂಧ, ಸಹಪಾಠಿಗಳ ಬರಹಕ್ಕೆ ಲಿಖಿತ ಪ್ರತಿಕ್ರಿಯೆ ಎಂಬ ಅಮೆರಿಕದ ಕ್ರಮ ಹೊಸದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗಂತೂ ಕಂಪ್ಯೂಟರ್ ಪಾಠಕ್ಕಿಂತ ಇದೇ ಹೆಚ್ಚು ಭಾರವಾದೀತು.

ಚದುರಿದ ವ್ಯಾಸಂಗವನ್ನು ಕೂಡಿಸುವ ಕಾಲೇಜುಗಳು

ಅಮೆರಿಕದ ಸ್ನಾತಕ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಒಂದು ವಿಷಯಕ್ಕೆ 3 ಕ್ರೆಡಿಟ್ ಎಂದರೆ ಸುಮಾರು 40 ವಿಷಯಗಳು. ಬೇರೆ ಬೇರೆ ಕಡೆ ಗಳಿಸಿದ ಕ್ರೆಡಿಟ್‌ಗಳನ್ನು ಒಂದುಗೂಡಿಸಿ ವಯಸ್ಕರಿಗೆ ಪದವಿ ನೀಡುವುದಕ್ಕೆಂದೇ 1970ರ ದಶಕದ ಆರಂಭದಲ್ಲಿ ಮೂರು ಸಂಸ್ಥೆಗಳು ಹುಟ್ಟಿಕೊಂಡವು: ನ್ಯೂಯಾರ್ಕ್‌ನ ಎಕ್ಸೆಲ್ಸಿಯರ್ (1971), ನ್ಯೂಜೆರ್ಸಿಯ ಥಾಮಸ್ ಎಡಿಸನ್ (1972), ಕನೆಕ್ಟಿಕಟ್‌ನ ಚಾರ್ಟರ್ ಓಕ್ (1973). ವರ್ಗಾವಣೆಯ ವಿಷಯದಲ್ಲಿ ಇವು ಇಂದಿಗೂ ಉದಾರಿಗಳು. ಸದರ್ನ್ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾನಿಲಯ 120ರಲ್ಲಿ 90 ಕ್ರೆಡಿಟ್‌ವರೆಗೆ ಹೊರಗಿನದನ್ನು ಒಪ್ಪುತ್ತದೆ.

19 ರಾಜ್ಯಗಳ ಗವರ್ನರುಗಳು ಸೇರಿ 1997ರಲ್ಲಿ ಸ್ಥಾಪಿಸಿದ ವೆಸ್ಟರ್ನ್ ಗವರ್ನರ್ಸ್ ವಿಶ್ವವಿದ್ಯಾನಿಲಯದ ರೀತಿ ಬೇರೆ. ಅಲ್ಲಿ ಶುಲ್ಕ ವಿಷಯಕ್ಕಿಷ್ಟು ಎಂದಲ್ಲ, ಆರು ತಿಂಗಳ ಅವಧಿಗಿಷ್ಟು ಎಂದು. ವಿಷಯ ಬಲ್ಲವನು ಆ ಅವಧಿಯಲ್ಲಿ ಎಷ್ಟು ಬೇಕಾದರೂ ಪರೀಕ್ಷೆ ಮುಗಿಸಬಹುದು. ಐದು ವರ್ಷ ನೆಟ್‌ವರ್ಕ್ ಕೆಲಸ ಮಾಡಿದವನಿಗೆ ಇದು ದೊಡ್ಡ ಅನುಕೂಲ. ಓದಲು ಸಮಯವೇ ಸಿಗದವನಿಗೆ ಅಷ್ಟೇ ದೊಡ್ಡ ನಷ್ಟ.

ಒಪ್ಪಿಗೆ ಬೇರೆ, ಉಪಯೋಗ ಬೇರೆ

ಜಾಹೀರಾತಿನಲ್ಲಿ ಕಾಣುವ "90 ಕ್ರೆಡಿಟ್‌ವರೆಗೆ" ಎಂಬುದು ಗರಿಷ್ಠ ಮಿತಿಯೇ ಹೊರತು ಭರವಸೆಯಲ್ಲ. ಅಮೆರಿಕ ಸರಕಾರದ ಲೆಕ್ಕಪರಿಶೋಧನಾ ಸಂಸ್ಥೆಯು 2017ರ ವರದಿಯಲ್ಲಿ, 2004ರಿಂದ 2009ರವರೆಗೆ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಸರಾಸರಿ ಶೇ. 43ರಷ್ಟು ಕ್ರೆಡಿಟ್ ಕಳೆದುಕೊಂಡರೆಂದು ಅಂದಾಜಿಸಿತ್ತು.

ನಷ್ಟವಾಗುವುದು ಹೀಗೆ. ಕಾಲೇಜು ನಿಮ್ಮ 80 ಕ್ರೆಡಿಟ್‌ಗಳನ್ನು ಒಪ್ಪಿಕೊಳ್ಳಬಹುದು. ಆದರೆ ಅದರಲ್ಲಿ 40 ಮಾತ್ರ ಪದವಿಯ ಕಡ್ಡಾಯ ವಿಷಯಗಳ ಜಾಗ ತುಂಬಿ, ಉಳಿದದ್ದು "ಐಚ್ಛಿಕ" ಎಂಬ ಪಟ್ಟಿಗೆ ಹೋಗಿ ಕೂರುತ್ತದೆ. ಐಚ್ಛಿಕಕ್ಕೆ ಪದವಿಯಲ್ಲಿ ಇರುವ ಜಾಗ 15 ಎಂದಾದರೆ ಮಿಕ್ಕ 25 ದಾಖಲೆಯಲ್ಲಿ ಮಾತ್ರ ಉಳಿಯುತ್ತದೆ. ಇನ್ನೊಂದು ತೊಡಕು ಮೇಲ್ಹಂತದ ಕ್ರೆಡಿಟ್‌ನದು. ಮೂರನೆಯ, ನಾಲ್ಕನೆಯ ವರ್ಷದ ಮಟ್ಟದ ವಿಷಯಗಳು ಇಷ್ಟಿರಬೇಕೆಂಬ ನಿಯಮ ಪ್ರತಿ ಪದವಿಗೂ ಇರುತ್ತದೆ. ಅಗ್ಗವಾಗಿ, ಬೇಗನೆ ಸಿಗುವ ಕ್ರೆಡಿಟ್‌ಗಳು ಬಹುಪಾಲು ಕೆಳಹಂತದವು.

ಕಾಲೇಜ್ ಬೋರ್ಡ್ ನಡೆಸುವ ಕ್ಲೆಪ್ ಪರೀಕ್ಷೆಗಳು ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 90 ನಿಮಿಷ, ಹೆಚ್ಚಿನವು ಬಹು ಆಯ್ಕೆಯ ಪ್ರಶ್ನೆಗಳು, 20ರಿಂದ 80ರ ಅಂಕಮಾನದಲ್ಲಿ 50 ಬಂದರೆ ಕ್ರೆಡಿಟ್‌ಗೆ ಶಿಫಾರಸು. ಗಣಿತ, ಇತಿಹಾಸ, ಸಮಾಜಶಾಸ್ತ್ರದಂತಹ ಸಾಮಾನ್ಯ ವಿಷಯಗಳನ್ನು ಒಂದು ಪ್ರಬಂಧವೂ ಇಲ್ಲದೆ ದಾಟಿಬಿಡಲು ಇದಕ್ಕಿಂತ ನೇರ ದಾರಿ ಕಡಿಮೆ. ಆದರೆ ಶಿಫಾರಸು ಮಾಡುವುದು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್, ತೀರ್ಮಾನಿಸುವುದು ನೀವು ಸೇರುವ ಕಾಲೇಜು. ಕಂಪ್‌ಟಿಯಾದಂತಹ ಉದ್ಯಮ ಪ್ರಮಾಣಪತ್ರಗಳಿಗೂ ಕ್ರೆಡಿಟ್ ಸಿಗುವುದುಂಟು. ಎ‌ಪ್ಲಸ್, ನೆಟ್‌ವರ್ಕ್‌ಪ್ಲಸ್, ಸೆಕ್ಯುರಿಟಿಪ್ಲಸ್ ಪ್ರಮಾಣಪತ್ರಗಳ ಅವಧಿ ಮೂರು ವರ್ಷ. ಅವಧಿ ಮುಗಿದ ಹಾಳೆ ತಂದರೆ ಕಾಲೇಜು ಒಪ್ಪದಿರಬಹುದು.

ಆದ್ದರಿಂದ ಕ್ರಮ ತಿರುಗುಮುರುಗಾಗಬಾರದು. ಮೊದಲು ಕಾಲೇಜು ಮತ್ತು ಪದವಿಯನ್ನು ಗೊತ್ತುಮಾಡಿ, ಆ ಪದವಿಯ ಯಾವ ಜಾಗಕ್ಕೆ ನಿಮ್ಮ ಯಾವ ವಿಷಯ ಕೂರುತ್ತದೆಂಬ ಪಟ್ಟಿಯನ್ನು ಲಿಖಿತವಾಗಿ ಪಡೆದು, ಉಳಿದ ಜಾಗಗಳಿಗೆ ತಕ್ಕ ಪರೀಕ್ಷೆಗಳನ್ನು ಆಮೇಲೆ ತೆಗೆದುಕೊಳ್ಳಬೇಕು. ಸೇರುವ ಮುನ್ನವೇ ಈ ಪಟ್ಟಿ ಕೊಡಲು ಹಿಂಜರಿಯುವ ಕಾಲೇಜಿಗೆ ಹಣ ಕಟ್ಟದಿರುವುದೇ ಲೇಸು.

ಬರವಣಿಗೆ ಅಡಗಿರುವ ಜಾಗ

ಬರವಣಿಗೆಯೇ ಇಲ್ಲದ ಪದವಿ ಯಾವುದೂ ಇಲ್ಲ. ಇಂಗ್ಲಿಷ್ ರಚನೆಯ ಒಂದೆರಡು ವಿಷಯ ಎಲ್ಲ ಕಡೆಯೂ ಉಂಟು. ಕೊನೆಯ ವರ್ಷದ ಯೋಜನಾ ವರದಿಯೂ ಸಾಮಾನ್ಯ. ಇವೆರಡರ ನಡುವಿನ ಮೂವತ್ತು ಚಿಲ್ಲರೆ ವಿಷಯಗಳಲ್ಲಿ ಮಾತ್ರ ಆಯ್ಕೆಗೆ ಅವಕಾಶ.

ಇಲ್ಲಿ ಪದವಿಯ ಹೆಸರು ಮೋಸಗೊಳಿಸುತ್ತದೆ. ಸೈಬರ್ ಸುರಕ್ಷತೆ ಎಂದರೆ ದಿನವಿಡೀ ಯಂತ್ರದ ಮುಂದಿನ ಕೆಲಸವೆಂದು ಭಾವಿಸುವವರು ಬಹಳ. ಪಠ್ಯಕ್ರಮ ತೆರೆದು ನೋಡಿದರೆ ಅಪಾಯ ವಿಶ್ಲೇಷಣೆ, ನೀತಿ ರಚನೆ, ಘಟನಾ ವರದಿ ಎಂದು ಪುಟಗಟ್ಟಲೆ ಬರೆಸುವ ವಿಷಯಗಳೇ ಸಾಲುಗಟ್ಟಿರುತ್ತವೆ. ಮಾಹಿತಿ ತಂತ್ರಜ್ಞಾನ ನಿರ್ವಹಣೆಯಲ್ಲಿ ಇನ್ನೂ ಹೆಚ್ಚು. ನೆಟ್‌ವರ್ಕ್ ಮತ್ತು ಕ್ಲೌಡ್ ಪದವಿಗಳಲ್ಲಿ ಹಲವು ವಿಷಯಗಳು ಉದ್ಯಮದ ಪ್ರಮಾಣಪತ್ರ ಪರೀಕ್ಷೆಯೊಂದಿಗೇ ಮುಗಿಯುವುದರಿಂದ ಪ್ರಬಂಧ ಕಡಿಮೆ. ಕಂಪ್ಯೂಟರ್ ವಿಜ್ಞಾನದಲ್ಲಿ ಪ್ರಬಂಧದ ಸ್ಥಾನದಲ್ಲಿ ಪ್ರೋಗ್ರಾಂ ಬರೆಯಬೇಕು, ಜೊತೆಗೆ ಕ್ಯಾಲ್ಕುಲಸ್, ಡಿಸ್‌ಕ್ರೀಟ್ ಗಣಿತ. ಪ್ರಬಂಧಕ್ಕೆ ಹೆದರಿ ಗಣಿತಕ್ಕೆ ಸಿಕ್ಕಿಬಿದ್ದವರೂ ಇದ್ದಾರೆನ್ನಿ!

ವೆಸ್ಟರ್ನ್ ಗವರ್ನರ್ಸ್‌ನಲ್ಲಿ ಮೌಲ್ಯಮಾಪನವೇ ಎರಡು ಬಗೆ: ಕ್ಯಾಮೆರಾದ ಕಾವಲಿನಲ್ಲಿ ನಡೆಯುವ ವಸ್ತುನಿಷ್ಠ ಪರೀಕ್ಷೆ, ಮತ್ತು ಬರಹ ಅಥವಾ ಯೋಜನೆ ಸಲ್ಲಿಸುವ ಕಾರ್ಯ. ಯಾವ ವಿಷಯ ಯಾವ ಬಗೆಯದೆಂದು ಪ್ರವೇಶ ಸಲಹೆಗಾರರನ್ನು ಕೇಳಿ ಎಣಿಸಿಕೊಳ್ಳಬಹುದು. ಉಳಿದ ಕಾಲೇಜುಗಳಲ್ಲಿ ಪ್ರತಿ ವಿಷಯದ ಪಠ್ಯಯೋಜನೆಯನ್ನು ಕೇಳಿ ಪಡೆದು, ಅಂಕಗಳಲ್ಲಿ ಪ್ರಬಂಧ ಮತ್ತು ಚರ್ಚೆಯ ಪಾಲೆಷ್ಟೆಂದು ನೋಡಬೇಕು.

ಬರವಣಿಗೆಯನ್ನು ಹಣಕ್ಕೆ ಬರೆಸಿಕೊಳ್ಳುವ ದಂಧೆ ಅಲ್ಲಿಯೂ ಇದೆ. ಸಿಕ್ಕಿಬಿದ್ದರೆ ಕಾಲೇಜಿನಿಂದ ಹೊರಹಾಕುವುದಷ್ಟೇ ಅಲ್ಲ, ಕೊಟ್ಟ ಪದವಿಯನ್ನೂ ಹಿಂಪಡೆಯುವ ಅಧಿಕಾರ ಸಂಸ್ಥೆಗಿರುತ್ತದೆ.

ಮಾನ್ಯತೆಯ ಪ್ರಶ್ನೆ

2016ರ ಸೆಪ್ಟೆಂಬರ್ 6ರಂದು ಐಟಿಟಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಏಕಾಏಕಿ ಬಾಗಿಲು ಹಾಕಿದಾಗ ಸುಮಾರು 40 ಸಾವಿರ ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ಅದಕ್ಕೆ ಮಾನ್ಯತೆ ಇತ್ತು. ಆದರೆ ಅದು ಹೆಚ್ಚಿನ ಸಾರ್ವಜನಿಕ ವಿಶ್ವವಿದ್ಯಾನಿಲಯಗಳು ಗೌರವಿಸುತ್ತಿದ್ದ ಬಗೆಯ ಮಾನ್ಯತೆಯಾಗಿರಲಿಲ್ಲ. ಗಳಿಸಿದ ಕ್ರೆಡಿಟ್‌ಗಳನ್ನು ಬೇರೆಡೆ ಕೇಳುವವರಿರಲಿಲ್ಲ. ಮಾನ್ಯತೆ ನೀಡಿದ್ದ ಎಸಿಐಸಿಎಸ್ ಎಂಬ ಸಂಸ್ಥೆಯೇ 2022ರಲ್ಲಿ ಸರಕಾರದ ಮನ್ನಣೆ ಕಳೆದುಕೊಂಡಿತು.

ಮಿಡ್ಲ್ ಸ್ಟೇಟ್ಸ್, ನ್ಯೂ ಇಂಗ್ಲೆಂಡ್, ನಾರ್ತ್‌ವೆಸ್ಟ್ ಮೊದಲಾದ ಹಳೆಯ ಪ್ರಾದೇಶಿಕ ಆಯೋಗಗಳ ಮಾನ್ಯತೆ ಇರುವ ಕಾಲೇಜನ್ನೇ ಆರಿಸಬೇಕು ಎಂಬ ಹಿರಿಯರ ಮಾತಿಗೆ ಇದು ಕಾರಣ. 2020ರಿಂದ ಅಮೆರಿಕದ ಶಿಕ್ಷಣ ಇಲಾಖೆ "ಪ್ರಾದೇಶಿಕ", "ರಾಷ್ಟ್ರೀಯ" ಎಂಬ ಭೇದವನ್ನು ಕಡತದಿಂದ ತೆಗೆದಿದೆ. ಕಾಲೇಜುಗಳ ಮನಸ್ಸಿನಿಂದ ಅದು ಹೋಗಿಲ್ಲ. ಮೇಲೆ ಹೆಸರಿಸಿದ ಐದು ಸಂಸ್ಥೆಗಳೂ ಈ ಹಳೆಯ ಆಯೋಗಗಳ ಮಾನ್ಯತೆ ಪಡೆದವು. ಆದರೂ ವಿವಾದ ಇಲ್ಲದಿಲ್ಲ. ಬೋಧಕರ ಒಡನಾಟ ಸಾಲದೆಂಬ ಕಾರಣಕ್ಕೆ ವೆಸ್ಟರ್ನ್ ಗವರ್ನರ್ಸ್ 71.3 ಕೋಟಿ ಡಾಲರ್ ಸರಕಾರಿ ನೆರವನ್ನು ಹಿಂದಿರುಗಿಸಬೇಕೆಂದು ಶಿಕ್ಷಣ ಇಲಾಖೆಯ ತನಿಖಾಧಿಕಾರಿ ಕಚೇರಿ 2017ರಲ್ಲಿ ಶಿಫಾರಸು ಮಾಡಿತ್ತು. 2019ರಲ್ಲಿ ಇಲಾಖೆ ಅದನ್ನು ಒಪ್ಪಲಿಲ್ಲ.

ಊರಿನ ಕಾಗದಪತ್ರ

ಭಾರತದ ವ್ಯಾಸಂಗಕ್ಕೆ ಕ್ರೆಡಿಟ್ ಬೇಕಿದ್ದರೆ ಡಬ್ಲ್ಯುಇಎಸ್‌ನಂತಹ ಮೌಲ್ಯಮಾಪನ ಸಂಸ್ಥೆಯಿಂದ ವಿಷಯವಾರು ವರದಿ ಅಗತ್ಯ. ಪದವಿಯ ಮಟ್ಟವನ್ನಷ್ಟೇ ಹೇಳುವ ಅಗ್ಗದ ವರದಿ ಇಲ್ಲಿ ಉಪಯೋಗಕ್ಕೆ ಬಾರದು. ಅಂಕಪಟ್ಟಿ ತರಿಸುವಾಗ ಒಂದು ಎಚ್ಚರ: ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಹುಟ್ಟಿದ್ದು 1998ರಲ್ಲಿ. ಅದಕ್ಕೂ ಮುನ್ನ ಬಿ.ಇ. ಸೇರಿದವರ ದಾಖಲೆ ಬೆಂಗಳೂರು, ಮೈಸೂರು, ಕರ್ನಾಟಕ ಮುಂತಾದ ಹಳೆಯ ವಿಶ್ವವಿದ್ಯಾನಿಲಯಗಳಲ್ಲಿರುತ್ತದೆ. ಡಿಪ್ಲೊಮಾದವರು ತಾಂತ್ರಿಕ ಶಿಕ್ಷಣ ಇಲಾಖೆಯನ್ನು ಕೇಳಬೇಕು.

ನಾಲ್ಕು ವರ್ಷದ ಬಿ.ಇ. ಪೂರೈಸಿದವರು ಇನ್ನೊಂದು ಸ್ನಾತಕ ಪದವಿಯ ಹಿಂದೆ ಬೀಳುವುದರಲ್ಲಿ ಅರ್ಥವಿಲ್ಲ. ಜಾರ್ಜಿಯಾ ಟೆಕ್ 2014ರಲ್ಲಿ ಆರಂಭಿಸಿದ ಆನ್‌ಲೈನ್ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿಯಂತಹವು ಕಡಿಮೆ ಖರ್ಚಿನಲ್ಲಿ ಲಭ್ಯ.

ಇಲ್ಲೇ ಕುಳಿತು ಅಮೆರಿಕದ ಪದವಿಗೆ ಹೊರಟಿರುವವರು ಎರಡು ಸಂಗತಿ ತಿಳಿದಿರಬೇಕು. ಪೂರ್ಣ ಆನ್‌ಲೈನ್ ವ್ಯಾಸಂಗಕ್ಕೆ ಎಫ್-1 ವಿದ್ಯಾರ್ಥಿ ವೀಸಾ ಸಿಗುವುದಿಲ್ಲ. ಪದವಿಯ ನಂತರ ಅಲ್ಲಿ ಕೆಲಸ ಮಾಡುವ ಒಪಿಟಿ ಅವಕಾಶವೂ ಇಲ್ಲ. ಇನ್ನು ಭಾರತದಲ್ಲಿ ಸರಕಾರಿ ಹುದ್ದೆಗೋ ಉನ್ನತ ವ್ಯಾಸಂಗಕ್ಕೋ ಆ ಪದವಿಯನ್ನು ತೋರಿಸುವ ಉದ್ದೇಶವಿದ್ದರೆ ಸಮಾನತೆಯ ಪ್ರಶ್ನೆ ಏಳುತ್ತದೆ. ಆನ್‌ಲೈನ್ ವಿದೇಶಿ ಪದವಿಗೆ ಅದು ಸುಲಭವಲ್ಲವಾದ್ದರಿಂದ, ವಿಶ್ವವಿದ್ಯಾನಿಲಯ ಅನುದಾನ ಆಯೋಗದ ನಿಯಮ ಓದಿ, ಪದವಿ ಕೇಳುವ ಸಂಸ್ಥೆಯಿಂದ ಲಿಖಿತ ಉತ್ತರ ಪಡೆದ ಬಳಿಕವೇ ಶುಲ್ಕ ಕಟ್ಟುವುದು ಕ್ಷೇಮ.