ರೆಕಾರ್ಡ್ ಅಂಗಡಿ ಸ್ಟುಡಿಯೋ ಆದ ಊರು

ಡಿಸೆಂಬರ್ ಬಂತೆಂದರೆ ಸಂಗೀತದ ಹುಚ್ಚಿರುವವರು ವರ್ಷದ ಲೆಕ್ಕ ತೆಗೆಯುತ್ತಾರೆ. ಈ ವರ್ಷ ಬಂದ ಪಂಕ್ ಆಲ್ಬಂಗಳಲ್ಲಿ ಯಾವುದು ಮೇಲು, ಇಂಡೀ ಬ್ಯಾಂಡುಗಳಲ್ಲಿ ಯಾರದು ಹೊಸ ದನಿ ಎಂದು ಹತ್ತಿಪ್ಪತ್ತು ಹೆಸರು ಬರೆದಿಡುವ ಈ ರೂಢಿ ಇಂಗ್ಲೆಂಡ್, ಅಮೆರಿಕಗಳ ಸಂಗೀತ ಪತ್ರಿಕೆಗಳಿಂದ ನಮ್ಮ ಊರುಗಳಿಗೂ ಬಂದಿದೆ. ಚೆನ್ನೈಗೆ ಮಾತ್ರ ಡಿಸೆಂಬರಿನ ಲೆಕ್ಕ ಹೊಸದೇನಲ್ಲ. 1927ರಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನದ ಜೊತೆಗೇ ನಡೆದ ಸಂಗೀತ ಸಮ್ಮೇಳನದಿಂದ ಮರುವರ್ಷ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಅಲ್ಲಿಂದೀಚೆಗೆ ಡಿಸೆಂಬರಿನಲ್ಲೇ ಬರುವ ಮಾರ್ಗಳಿ ತಿಂಗಳೆಂದರೆ ಯಾರ ಕಚೇರಿ ಏರಿತು, ಯಾರದು ಇಳಿಯಿತು ಎಂದು ಊರೇ ಕೂತು ತೂಗುವ ಕಾಲ. ಗಿಟಾರಿನ ಅಭಿಮಾನಿಯ ಪಟ್ಟಿ, ಕಚೇರಿ ಏರ್ಪಡಿಸುವ ಸಭಾಗಳ ರಸಿಕನ ಪಟ್ಟಿ ಎರಡೂ ಒಂದೇ ತಿಂಗಳಲ್ಲಿ ತಯಾರಾಗುತ್ತವೆ, ಒಂದಕ್ಕೊಂದು ಮುಖ ನೋಡುವುದಿಲ್ಲ. ಎರಡರಲ್ಲೂ ಬಹುಕಾಲ ಸೇರದೇ ಉಳಿದ ಹಾಡು ಒಂದಿದೆ. ಚೆನ್ನೈಯ ಪಂಕ್ ಚರಿತ್ರೆ ಬರೆಯುವುದಾದರೆ ಶುರುಮಾಡಬೇಕಾದದ್ದು ಆ ಹಾಡಿನಿಂದ ಎಂಬುದು ನನ್ನ ವಾದ. ಕಾಲೇಜು ಮೈದಾನದ ಇಂಗ್ಲಿಷ್ ಬ್ಯಾಂಡಿನಿಂದ ಶುರುಮಾಡಿದರೆ ಲೆಕ್ಕ ಮೊದಲ ಸಾಲಿನಲ್ಲೇ ತಪ್ಪುತ್ತದೆ.

ಯಾಕೆ ಎಂಬುದು ತಿಳಿಯಬೇಕಾದರೆ ಎರಡು ಅಂಗಡಿಗಳನ್ನು ನೋಡಬೇಕು. ಲಂಡನ್ನಿನಲ್ಲಿ 1976ರಲ್ಲಿ ಜೆಫ್ ಟ್ರಾವಿಸ್ ರಫ್ ಟ್ರೇಡ್ ಎಂಬ ರೆಕಾರ್ಡ್ ಅಂಗಡಿ ತೆರೆದ. ಮರುವರ್ಷದ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಎಂಬ ತಂಡ ಸಾಲ ಮಾಡಿ, ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ, ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ನಾಲ್ಕು ಹಾಡಿನ ತಟ್ಟೆಯನ್ನು ತಾನೇ ಹೊರತಂದಿತು. ಪ್ರತಿ ಹಾಡು ಎಷ್ಟನೆಯ ಸಲಕ್ಕೆ ಸರಿಯಾಗಿ ದಾಖಲಾಯಿತು ಎಂಬುದನ್ನೂ ಹೊದಿಕೆಯ ಮೇಲೆ ಅಚ್ಚು ಹಾಕಿಸಿದ್ದರು. ರೆಕಾರ್ಡು ಮಾಡುವುದು ಮಂತ್ರವಿದ್ಯೆಯಲ್ಲ, ನೀವೂ ಮಾಡಬಹುದು ಎಂದು ಕೇಳುಗನಿಗೆ ತೋರಿಸಿಕೊಟ್ಟ ಹಾಗೆ. ಇಂಥ ತಟ್ಟೆಗಳನ್ನು ಮಾರುತ್ತಲೇ ರಫ್ ಟ್ರೇಡ್ 1978ರಲ್ಲಿ ತಾನೇ ಒಂದು ರೆಕಾರ್ಡ್ ಸಂಸ್ಥೆಯಾಯಿತು. ಅದಕ್ಕೂ ನಾಲ್ಕು ದಶಕ ಮೊದಲು ಮದರಾಸಿನಲ್ಲಿ ಇನ್ನೊಂದು ರೆಕಾರ್ಡ್ ಅಂಗಡಿ ಇತ್ತು. ಕಾರೈಕುಡಿಯ ಎ.ವಿ. ಮೆಯ್ಯಪ್ಪನ್ ಪಾಲುದಾರರ ಜೊತೆ ಸೇರಿ 1930ರ ದಶಕದ ಆರಂಭದಲ್ಲಿ ತೆರೆದ ಸರಸ್ವತಿ ಸ್ಟೋರ್ಸ್ ಗ್ರಾಮಫೋನ್ ತಟ್ಟೆಗಳನ್ನು ಮಾರುತ್ತಿತ್ತು, ಓಡಿಯನ್ ಕಂಪನಿಗಾಗಿ ಹಾಡಿಸಿ ದಾಖಲಿಸುತ್ತಲೂ ಇತ್ತು. ಅಲ್ಲಿಂದ ಮೆಯ್ಯಪ್ಪನ್ ಕಾಲಿಟ್ಟದ್ದು ಸಿನಿಮಾಕ್ಕೆ. 1943ರ ಕನ್ನಡ ‘ಸತ್ಯ ಹರಿಶ್ಚಂದ್ರ’ ಅವರದೇ ಕೈಕೆಲಸ. ವಡಪಳನಿಯ ಎವಿಎಂ ಸ್ಟುಡಿಯೋ ಆಮೇಲೆ ದಕ್ಷಿಣದ ಚಿತ್ರೋದ್ಯಮಕ್ಕೇ ಗುರುತಾಯಿತು. ಲಂಡನ್ನಿನಲ್ಲಿ ರೆಕಾರ್ಡ್ ಅಂಗಡಿ ಬೆಳೆದು ಸ್ವತಂತ್ರ ಸಂಗೀತದ ಸಂಸ್ಥೆಯಾಯಿತು, ಮದರಾಸಿನಲ್ಲಿ ಬೆಳೆದು ಸಿನಿಮಾ ಸ್ಟುಡಿಯೋ ಆಯಿತು. ಆದ್ದರಿಂದ ಈ ಊರಲ್ಲಿ ‘ಸ್ವತಂತ್ರ’ ಎಂಬ ಮಾತಿಗೆ ಬೇರೆಯೇ ಅರ್ಥ. ಅಲ್ಲಿ ಬಿಡಿಸಿಕೊಳ್ಳಬೇಕಾದದ್ದು ರೆಕಾರ್ಡ್ ಕಂಪನಿಯಿಂದ, ಇಲ್ಲಿ ಸಿನಿಮಾದಿಂದ ಮತ್ತು ಸಭಾದಿಂದ.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಾಡುಗಳೇ ಎಷ್ಟೋ ವರ್ಷ ಮದರಾಸಿನ ಕೋಡಂಬಾಕಂ ಸ್ಟುಡಿಯೋಗಳಲ್ಲಿ ಹುಟ್ಟಿದವು. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ಗಳಿಗೆ ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತ, ಸಹಾಯಕನಾಗಿ ಸ್ವರ ಬರೆದುಕೊಡುತ್ತ ಪಳಗಿದವರು ಇಳಯರಾಜ. ಅದಕ್ಕೂ ಮೊದಲು ಅವರು ಅಣ್ಣ ಪಾವಲರ್ ವರದರಾಜನ್ ಜೊತೆ ಕಮ್ಯುನಿಸ್ಟ್ ಪಕ್ಷದ ವೇದಿಕೆಗಳಲ್ಲಿ ಊರೂರು ತಿರುಗಿ ಹಾಡಿದವರು. ಹಾರ್ಮೋನಿಯಂ, ಎತ್ತರದ ದನಿ, ಜನರ ಬಾಯಲ್ಲಿ ಮರುದಿನವೇ ನಿಲ್ಲುವಂಥ ಚಿಕ್ಕ ಹಾಡು, ಇವಿಷ್ಟೇ ಬಂಡವಾಳ. ಅವರ ಮೊದಲ ಚಿತ್ರ ‘ಅನ್ನಕ್ಕಿಳಿ’ ತೆರೆಗೆ ಬಂದದ್ದು 1976ರ ಮೇ ತಿಂಗಳಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿನಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡದ ಮೊದಲ ಹಾಡು ಹೊರಬಿತ್ತು. ಅಲ್ಲಿ ಬೀದಿಯ ಸಿಟ್ಟು ಬ್ಯಾಂಡ್ ಕಟ್ಟಿತು, ಇಲ್ಲಿ ಬೀದಿಯ ಹಾಡುಗಾರ ಸಿನಿಮಾಕ್ಕೆ ಬಂದ. ಇದನ್ನು ಸೋಲು ಎನ್ನಲು ನನಗೆ ಮನಸ್ಸಿಲ್ಲ, ಆ ಸಂಗೀತ ಅಷ್ಟು ದೊಡ್ಡದು. ಆದರೆ ಸಿನಿಮಾದ ಹಿಡಿತ ಎಂಥದು ಎಂಬುದಕ್ಕೆ ಮುಂದಿನ ಸಂಗತಿಯೇ ಸಾಕ್ಷಿ. 1986ರಲ್ಲಿ ಸಿನಿಮಾದ ಹೊರಗೆ, ತ್ಯಾಗರಾಜರಿಗೂ ಬಾಖ್‌ಗೂ ಅರ್ಪಿಸಿ ‘ಹೌ ಟು ನೇಮ್ ಇಟ್’ ಎಂಬ ವಾದ್ಯಸಂಗೀತದ ಆಲ್ಬಂ ಹೊರತರಲು ಅವರು ಅದಾಗಲೇ ಸಿನಿಮಾದ ದೊರೆಯಾಗಿರಬೇಕಾಯಿತು. ಸಿನಿಮಾದಿಂದ ಒಂದು ವಾರ ರಜೆ ಸಿಗಬೇಕಾದರೂ ಸಿನಿಮಾದಲ್ಲೇ ಗೆದ್ದಿರಬೇಕು!

ಎ.ಆರ್. ರೆಹಮಾನ್ ಕಥೆಯೂ ಇದೇ ದಾರಿಯದು. ಹುಡುಗನಾಗಿದ್ದಾಗ ರೂಟ್ಸ್, ನೆಮೆಸಿಸ್ ಅವೆನ್ಯೂ ಎಂಬ ಬ್ಯಾಂಡುಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು 1989ರಲ್ಲಿ ಮನೆಯ ಹಿತ್ತಿಲಲ್ಲೇ ಪಂಚತನ್ ಸ್ಟುಡಿಯೋ ಕಟ್ಟಿಕೊಂಡರು. ಸ್ವಂತ ಸ್ಟುಡಿಯೋ ಇದ್ದರೆ ಯಾರ ಕಾಲ್‌ಶೀಟಿಗೂ ಕಾಯಬೇಕಿಲ್ಲ. ಪಂಕ್ ಹುಡುಗರು ಕಂಡ ಕನಸೇ ಅದು. 1992ರ ‘ರೋಜಾ’ ಆ ಹಿತ್ತಿಲನ್ನೂ ಸಿನಿಮಾಕ್ಕೆ ಸೇರಿಸಿತು. ಇನ್ನು ಸಿನಿಮಾಕ್ಕೆ ಹೋಗದೆ ಉಳಿದ ಗಿಟಾರಿನ ಹುಡುಗರು ಐಐಟಿಯ ಸಾರಂಗ್ ಉತ್ಸವದ ಸ್ಪರ್ಧೆಗಳಲ್ಲಿ, ಅಡ್ಯಾರಿನ ಅನ್‌ವೈಂಡ್ ಸೆಂಟರಿನಂಥ ಪುಟ್ಟ ಅಂಗಳಗಳಲ್ಲಿ ತಮ್ಮ ಕೇಳುಗರನ್ನು ಕಂಡುಕೊಂಡರು. ಜಂಕ್‌ಯಾರ್ಡ್ ಗ್ರೂವ್, ಸ್ಕ್ರಾಟ್, ಆಮೇಲೆ ದಿ ಎಫ್16ಸ್ ತಂಡಗಳು ಬಂದವು. ಎಫ್16ಸ್‌ನ ‘ಟ್ರಿಗರ್‌ಪುಂಕ್ಟೆ’ (2016), ಸ್ಕ್ರಾಟ್‌ನ ‘ಬೈಸನ್’ (2017) ದೇಶದ ಯಾವ ಇಂಡೀ ಪಟ್ಟಿಯಲ್ಲಾದರೂ ನಿಲ್ಲುವ ಆಲ್ಬಂಗಳು. ಇವರ ದುಡಿಮೆಯನ್ನು ನಾನು ಹಗುರ ಮಾಡುತ್ತಿಲ್ಲ. ಸಿನಿಮಾ ಹಾಡೊಂದೇ ಹಾಡು ಎನ್ನುವ ಊರಲ್ಲಿ ತಮ್ಮದೇ ಹಾಡು ಬರೆದು, ಕೈಯಿಂದ ದುಡ್ಡು ಹಾಕಿ ದಾಖಲಿಸಿ, ನೂರಿನ್ನೂರು ಜನರ ಮುಂದೆ ನುಡಿಸುವುದಕ್ಕೆ ಎದೆಗಾರಿಕೆ ಬೇಕು. ಆದರೂ ಇವರ ಹಾಡಿನ ಭಾಷೆ ಇಂಗ್ಲಿಷ್, ಇವರ ಕೇಳುಗರು ದಕ್ಷಿಣ ಚೆನ್ನೈಯ ಕಾಲೇಜು ಮಕ್ಕಳು. ಸಿನಿಮಾದ ಹೊರಗೆ ನಿಂತರೂ ಊರಿನ ಬೇಲಿ ದಾಟಲು ಇವರಿಗೆ ಆಗಲಿಲ್ಲ.

ಆ ಬೇಲಿಯ ಆಚೆ ಇದ್ದದ್ದು ಗಾನಾ. ರಾಯಪುರಂ, ಕಾಸಿಮೇಡು, ವ್ಯಾಸರಪಾಡಿ, ಪುಳಿಯಂತೋಪುಗಳ ಉತ್ತರ ಚೆನ್ನೈ ಎಂದರೆ ಬಂದರಿನ ಹಮಾಲಿಗಳು, ಮೀನುಗಾರರು, ಬೆಂಗಳೂರಿನ ಹಳಬರಿಗೂ ಗೊತ್ತಿರುವ ಬಿನ್ನಿ ಕಂಪನಿಯದೇ ಬಕಿಂಗ್‌ಹ್ಯಾಮ್ ಕರ್ನಾಟಿಕ್ ಮಿಲ್ಲಿನ ಕಾರ್ಮಿಕರು, ಪೌರಕಾರ್ಮಿಕರು ಬಾಳಿದ ಜಾಗ. ಅಲ್ಲಿನ ದಲಿತ ಕೇರಿಗಳಲ್ಲಿ ಬೆಳೆದ ಈ ಹಾಡಿನ ತಮಿಳು ಪಾಠಪುಸ್ತಕದ ತಮಿಳಲ್ಲ. ಉರ್ದು, ತೆಲುಗು, ಇಂಗ್ಲಿಷ್ ಎಲ್ಲ ಬೆರೆತ ಮದರಾಸಿನ ಆಡುಮಾತು, ಸಿನಿಮಾದಲ್ಲಿ ಹಾಸ್ಯ ಪಾತ್ರದ ಬಾಯಿಗೆ ಮಾತ್ರ ಕೊಡುತ್ತಿದ್ದ ಮಾತು. ವಾದ್ಯ ಇಲ್ಲದಿದ್ದರೆ ಬೆಂಕಿಪೊಟ್ಟಣ, ಬಿಂದಿಗೆ, ಮೇಜು ಯಾವುದಾದರೂ ಆದೀತು. ಇದರ ಮೂಲದ ಗಟ್ಟಿ ರೂಪ ಮರಣ ಗಾನಾ. ಸತ್ತವರ ಮನೆಯ ಮುಂದೆ ಶಾಮಿಯಾನ ಹಾಕಿ ರಾತ್ರಿಯಿಡೀ ಹಾಡುತ್ತಾರೆ. ಹಾಡುಗಾರ ಬಂದವರಿಂದ ಸತ್ತವನ ಹೆಸರು, ಬೀದಿ, ಕಸುಬು, ಹೆಂಡತಿ ಮಕ್ಕಳ ಹೆಸರು ಕೇಳಿಕೊಂಡು ಅದನ್ನು ಅಲ್ಲೇ ಹಾಡಿಗೆ ಹೊಸೆಯುತ್ತಾನೆ. ಇಂಥ ಹಾಡುಗಳು ಕ್ಯಾಸೆಟ್ಟಿಗೂ ಬಂದವು, ಕೈಯಿಂದ ಕೈಗೆ ಹೋದವು. 1990ರ ದಶಕದಲ್ಲಿ ಸಂಗೀತ ನಿರ್ದೇಶಕ ದೇವಾ ಗಾನಾದ ಧಾಟಿಯನ್ನು ಸಿನಿಮಾಕ್ಕೆ ತಂದರು. ಧಾಟಿ ಗೆದ್ದಿತು, ಕೇರಿಯ ಹಾಡುಗಾರ ಬಹುಪಾಲು ಕೇರಿಯಲ್ಲೇ ಉಳಿದ. ಕಡಿಮೆ ಖರ್ಚು, ಕಲಿತ ಸಂಗೀತದ ಗೊಡವೆ ಇಲ್ಲದ ಗಂಟಲು, ತನ್ನದೇ ಮಾತು, ತನ್ನದೇ ನೋವು, ತಾನೇ ಹಂಚಿದ ಕ್ಯಾಸೆಟ್ಟು. ಪಂಕ್ ಬಗ್ಗೆ ಬರೆಯುವವರು ಎಣಿಸುವ ಲಕ್ಷಣಗಳೆಲ್ಲ ಇಲ್ಲಿವೆ. ಇಲ್ಲದ್ದು ಗಿಟಾರು ಮಾತ್ರ.

ಹಾಗಾದರೆ ಗಾನಾಕ್ಕೆ ಪಂಕ್ ಎಂಬ ಪರದೇಶದ ಹಣೆಪಟ್ಟಿ ಹಚ್ಚುವುದು ಯಾಕೆ, ಅದರ ಹೆಸರೇ ಅದಕ್ಕೆ ಸಾಲದೆ ಎಂದು ಯಾರಾದರೂ ಕೇಳಿಯಾರು. ನ್ಯಾಯವಾದ ಆಕ್ಷೇಪ. ಕನ್ನಡದಲ್ಲೇ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ತಮಟೆಯ ಜೊತೆ ಆ ಹಾಡುಗಳು ಬೀದಿಗಿಳಿಯಲು ಲಂಡನ್ನಿನ ಅಪ್ಪಣೆ ಬೇಕಾಗಿರಲಿಲ್ಲ. ಗಾನಾ ಪಂಕ್‌ನ ಮಗು ಎಂದು ನಾನು ಹೇಳುತ್ತಿಲ್ಲ. ಪಂಕ್ ಅನ್ನು ಪ್ರೀತಿಸುವವನು ಅದರಲ್ಲಿ ಏನನ್ನು ಪ್ರೀತಿಸುತ್ತಾನೋ ಅದು ತನ್ನ ಊರಿನಲ್ಲೇ ಇದ್ದಾಗ ಕಿವಿ ಮುಚ್ಚಿಕೊಳ್ಳಬಾರದು ಎನ್ನುತ್ತಿದ್ದೇನೆ. ಪಂಕ್ ಎಂಬ ಪದವೂ ಮೊದಲು ಬೈಗುಳವೇ. ಪುಂಡ, ಕೆಲಸಕ್ಕೆ ಬಾರದವನು ಎಂಬ ಅರ್ಥದ್ದು. ಹುಡುಗರು ಅದನ್ನೇ ಎತ್ತಿಕೊಂಡು ಹೆಸರು ಮಾಡಿಕೊಂಡರು. ಚೆನ್ನೈಯಲ್ಲಿ ಅದೇ ಕೆಲಸ ‘ಪೋರಂಬೋಕು’ ಎಂಬ ಪದಕ್ಕೆ ಆಯಿತು. ಯಾರ ಸ್ವಂತಕ್ಕೂ ಸೇರದ, ಊರಿಗೆಲ್ಲ ಸೇರಿದ ಕೆರೆ, ಗೋಮಾಳ, ಅಳಿವೆಗಳಿಗೆ ಕಂದಾಯದ ಕಡತದಲ್ಲಿ ಇದ್ದ ಹೆಸರು ಅದು. ಬರಬರುತ್ತ ದಂಡಪಿಂಡ ಎಂಬ ಬೈಗುಳವಾಯಿತು. 2017ರ ಜನವರಿಯಲ್ಲಿ ಗಾಯಕ ಟಿ.ಎಂ. ಕೃಷ್ಣ ಎಣ್ಣೂರಿನ ಅಳಿವೆಯ ದಡದಲ್ಲಿ ಕೂತು, ಹಿಂದೆ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುವಂತೆ, ಕಬೇರ್ ವಾಸುಕಿ ಬರೆದ ‘ಚೆನ್ನೈ ಪೊರಂಬೊಕ್ಕು ಪಾಡಲ್’ ಹಾಡಿದರು. ರಾಗಗಳು ಕರ್ನಾಟಕ ಸಂಗೀತದವು, ಮಾತು ಬೀದಿಯ ತಮಿಳು. ಅದಕ್ಕೂ ಮೊದಲು 2015ರಲ್ಲಿ ಚೆನ್ನೈಯ ಸೋಫಿಯಾ ಅಶ್ರಫ್ ಕೊಡೈಕೆನಾಲಿನಲ್ಲಿದ್ದ ಯೂನಿಲಿವರ್‌ನ ಥರ್ಮಾಮೀಟರ್ ಕಾರ್ಖಾನೆಯ ಪಾದರಸದ ವಿಷದ ಬಗ್ಗೆ ರ‍್ಯಾಪ್ ಹಾಡಿದ್ದರು. 2016ರ ಮಾರ್ಚಿನಲ್ಲಿ ಯೂನಿಲಿವರ್ 591 ಮಾಜಿ ಕಾರ್ಮಿಕರ ಜೊತೆ ಒಪ್ಪಂದಕ್ಕೆ ಬಂತು. ಹದಿನೈದು ವರ್ಷದ ಹೋರಾಟವನ್ನು ಒಂದು ಹಾಡು ಗೆಲ್ಲಿಸಿತು ಎನ್ನುವುದು ಆ ಕಾರ್ಮಿಕರಿಗೆ ಮಾಡುವ ಅನ್ಯಾಯ. ಆದರೆ ದೇಶ ತಿರುಗಿ ನೋಡುವಂತೆ ಮಾಡಿದ್ದು ಆ ಹಾಡು. ಎರಡೂ ಬಿಡಿ ಹಾಡುಗಳು, ವರ್ಷದ ಪಟ್ಟಿ ಎಣಿಸುವ ಆಲ್ಬಂಗಳಲ್ಲ.

ಗಿಟಾರಿನ ಚೆನ್ನೈ, ಗಾನಾದ ಚೆನ್ನೈ ಒಂದೇ ವೇದಿಕೆ ಹತ್ತಿದ್ದು 2018ರ ಜನವರಿ 6ರಂದು, ಕೀಳ್ಪಾಕಂನ ಶಾಲಾ ಮೈದಾನದಲ್ಲಿ. ಚಿತ್ರ ನಿರ್ದೇಶಕ ಪಾ. ರಂಜಿತ್ ಅವರ ನೀಲಂ ಸಾಂಸ್ಕೃತಿಕ ಕೇಂದ್ರ, ಸಂಗೀತಗಾರ ತೆನ್ಮಾ ಸೇರಿ ಕಟ್ಟಿದ ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತಂಡದಲ್ಲಿ 19 ಜನ. ತಂಡದ ಹೆಸರು ಬಂದದ್ದು ಹತ್ತೊಂಬತ್ತನೆಯ ಶತಮಾನದ ಚಿಂತಕ ಅಯೋತಿ ದಾಸರ್ ಅವರಿಂದ. ಜನಗಣತಿಯಲ್ಲಿ ನಮ್ಮವರನ್ನು ಜಾತಿಯಿಲ್ಲದ ತಮಿಳರು ಎಂದು ಬರೆಯಿರಿ ಎಂದು ಅವರು ಕೇಳಿದ್ದರು. ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್ ಪಕ್ಕದಲ್ಲಿ ಪರೈ, ಸಟ್ಟಿ, ಕಟ್ಟ ಮೋಳಂ ಎಂಬ ತಾಳವಾದ್ಯಗಳು. ಪರೈ ಎಂದರೆ ನಮ್ಮ ತಮಟೆಯ ಒಡಹುಟ್ಟು. ಮರದ ಬಳೆಗೆ ಬಿಗಿದ ತೊಗಲು, ಒಂದು ಕೈಯಲ್ಲಿ ಉದ್ದನೆಯ ತೆಳು ಕಡ್ಡಿ, ಇನ್ನೊಂದರಲ್ಲಿ ಗಿಡ್ಡನೆಯ ದಪ್ಪ ಕೋಲು. ತೇವಕ್ಕೆ ಸಡಿಲವಾಗುವ ತೊಗಲನ್ನು ಹುಲ್ಲಿನ ಬೆಂಕಿಗೆ ಹಿಡಿದು, ಬೆರಳಲ್ಲಿ ತಟ್ಟಿ ನೋಡಿ ಶ್ರುತಿಗೆ ತರುತ್ತಾರೆ. ಸಾವಿನ ಮನೆಯ ವಾದ್ಯ ಎಂದು ದೂರ ಇಟ್ಟಿದ್ದ ಈ ಸದ್ದು ಗಿಟಾರಿನ ಸಮಕ್ಕೆ ನಿಂತು ಮೀಸಲಾತಿ, ದನದ ಮಾಂಸ, ಮಲ ಹೊರುವ ಕೆಲಸಗಳ ಬಗ್ಗೆ ಹಾಡಿತು. ಇಸೈವಾಣಿ ಎಂಬ ಹುಡುಗಿ ಗಂಡಸರದೇ ಆಗಿದ್ದ ಗಾನಾವನ್ನು ಆ ತಂಡದಲ್ಲಿ ನಿಂತು ಹಾಡಿದರು, 2020ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿಗೆ ಬಂದರು. ಅದೇ ತಂಡದ ರ‍್ಯಾಪ್ ಹಾಡುಗಾರ ಅರಿವು 2019ರಲ್ಲಿ ಸಂಗೀತಗಾರ ಆಫ್‌ರೋ ಜೊತೆ ‘ತೆರುಕ್ಕುರಳ್’ ಆಲ್ಬಂ ತಂದರು. ತಿರುಕ್ಕುರಳ್‌ನ ‘ತಿರು’ವನ್ನು ‘ತೆರು’ ಮಾಡಿದ್ದಾರೆ, ತೆರು ಎಂದರೆ ಬೀದಿ. ಒಂದು ಅಕ್ಷರ ಬದಲಾಯಿಸಿ ಇಡೀ ಪರಂಪರೆಯನ್ನು ಕೇರಿಗೆ ಕರೆತಂದ ಈ ಹೆಸರಿಗಿಂತ ಪಂಕ್ ಆದ ಆಲ್ಬಂ ಹೆಸರು ನಮ್ಮ ದಕ್ಷಿಣದಲ್ಲಿ ಇನ್ನೊಂದು ನನಗೆ ತೋರುತ್ತಿಲ್ಲ.

ಸಿನಿಮಾ ನಿರ್ದೇಶಕನ ದುಡ್ಡಿನಲ್ಲಿ ಹುಟ್ಟಿದ್ದು ಸ್ವತಂತ್ರ ಹೇಗಾದೀತು ಎಂಬುದು ಇನ್ನೊಂದು ಆಕ್ಷೇಪ, ಮೊದಲಿನದಕ್ಕಿಂತ ಬಿಗಿಯಾದದ್ದು. ಸೆಕ್ಸ್ ಪಿಸ್ಟಲ್ಸ್‌ನ ಮೊದಲ ತಟ್ಟೆ ತಂದದ್ದು ಇಎಂಐ, ದಿ ಕ್ಲಾಶ್ ತಂಡ ಸಹಿ ಹಾಕಿದ್ದು ಸಿಬಿಎಸ್‌ಗೆ ಎಂದು ಹೇಳಿ ನುಣುಚಿಕೊಳ್ಳಬಹುದು. ಆದರೆ ನಿಜವಾದ ಉತ್ತರ ಈ ಊರಿನ ಚರಿತ್ರೆಯಲ್ಲೇ ಇದೆ. ಇಳಯರಾಜ ಸಿನಿಮಾದ ಬಲದಿಂದ ಸಿನಿಮಾದ ಹೊರಗಿನ ಆಲ್ಬಂ ಮಾಡಿದರು. ರಂಜಿತ್ ಅದೇ ಬಲವನ್ನು ತನ್ನ ಹೆಸರಿಗೆ ಬಳಸದೆ 19 ಜನರ ಕೈಗೆ ಕೊಟ್ಟರು. ದುಡ್ಡಿನ ಮೂಲ ಬದಲಾಗಲಿಲ್ಲ, ಹಾಡುವವರು ಬದಲಾದರು. ಅಪಾಯ ತಪ್ಪಿತು ಎಂದೇನೂ ಅಲ್ಲ. 2021ರಲ್ಲಿ ‘ಎಂಜಾಯ್ ಎಂಜಾಮಿ’ ಲೋಕವೆಲ್ಲ ಕೇಳಿದ ಹಾಡಾಯಿತು. ಶ್ರೀಲಂಕಾದ ಟೀ ತೋಟದಲ್ಲಿ ದುಡಿದು ಮರಳಿದ ಅಜ್ಜಿ ವಳ್ಳಿಯಮ್ಮಾಳ್ ಬದುಕಿನಿಂದ ಅರಿವು ಅದರ ಸಾಹಿತ್ಯ ಕಟ್ಟಿದ್ದರು. ಅದೇ ವರ್ಷ ರೋಲಿಂಗ್ ಸ್ಟೋನ್ ಇಂಡಿಯಾದ ಮುಖಪುಟದಲ್ಲಿ ಆ ಹಾಡನ್ನು ಜೊತೆಗೆ ಹಾಡಿದ ಗಾಯಕಿ ಧೀ ಇದ್ದರು, ಅರಿವು ಇರಲಿಲ್ಲ. ಅದರ ವಿರುದ್ಧ ಎದ್ದ ದನಿಗಳಲ್ಲಿ ರಂಜಿತ್ ಅವರದೂ ಒಂದು. ವರ್ಷದ ಪಟ್ಟಿ ಮಾಡುವವರ ಕಣ್ಣಿಗೆ ಯಾರು ಬೀಳುತ್ತಾರೆ ಎಂಬುದು ಇಷ್ಟು ಬಹಿರಂಗವಾಗಿ ಚರ್ಚೆಗೆ ಬಂದದ್ದು ಒಳ್ಳೆಯದೇ ಆಯಿತು.

2020ರ ಡಿಸೆಂಬರಿನಲ್ಲಿ ನೀಲಂ ‘ಮಾರ್ಗಳಿಯಿಲ್ ಮಕ್ಕಳಿಸೈ’ ಶುರುಮಾಡಿತು. ಮಾರ್ಗಳಿಯಲ್ಲಿ ಜನರ ಸಂಗೀತ ಎಂದು ಅರ್ಥ. ಸಭಾಗಳ ತಿಂಗಳಲ್ಲೇ ಗಾನಾ, ಪರೈ, ಒಪ್ಪಾರಿಗಳಿಗೆ ವೇದಿಕೆ ಸಿಕ್ಕಿತು. ಒಪ್ಪಾರಿ ಎಂದರೆ ಹೆಣದ ಮುಂದೆ ಹೆಂಗಸರು ಹೇಳುವ ಅಳುಹಾಡು. ಈಗ ಚೆನ್ನೈಯ ಅಭಿಮಾನಿ ವರ್ಷದ ಪಟ್ಟಿ ಬರೆಯಲು ಕೂತರೆ ಎಫ್16ಸ್ ಪಕ್ಕದಲ್ಲಿ ‘ತೆರುಕ್ಕುರಳ್’ ಬರೆಯಲು ತಡವರಿಸಬೇಕಾಗಿಲ್ಲ. ಎರಡೂ ಆಲ್ಬಂಗಳೇ, ಎರಡಕ್ಕೂ ಹೊದಿಕೆ ಇದೆ, ಇಸವಿ ಇದೆ. ಅದೇ ರಾತ್ರಿ ವ್ಯಾಸರಪಾಡಿಯ ಯಾವುದೋ ಬೀದಿಯಲ್ಲಿ, ಶಾಮಿಯಾನದ ಕೆಳಗೆ, ಹಾಡುಗಾರ ಸತ್ತವನ ಹೆಂಡತಿಯ ಹೆಸರು ಏನೆಂದು ಪಕ್ಕದವನನ್ನು ಕೇಳುತ್ತಿರುತ್ತಾನೆ. ಹೆಸರು ಗೊತ್ತಾದ ಕೂಡಲೇ ಅದು ಮುಂದಿನ ಸಾಲಿಗೆ ಸೇರುತ್ತದೆ, ಬೆಳಗಾದರೆ ಹೆಣ ಎತ್ತುತ್ತಾರೆ.