ಎಚ್ಚರಿಕೆ ತಲುಪುವ ಹೊತ್ತು: ಕರ್ನಲ್ ಕೋಡಿನ ಯಂತ್ರಪರೀಕ್ಷೆಯ ಚರಿತ್ರೆಯಲ್ಲಿ ಬೆಂಗಳೂರು

2009ರ ಜುಲೈನಲ್ಲಿ ಬ್ರಾಡ್ ಸ್ಪೆಂಗ್ಲರ್ ಎಂಬ ಭದ್ರತಾ ತಜ್ಞರು, ಲಿನಕ್ಸ್ 2.6.30 ಕರ್ನಲ್ ಇರುವ ಯಂತ್ರದಲ್ಲಿ ಸಾಮಾನ್ಯ ಬಳಕೆದಾರನೊಬ್ಬ ಪೂರ್ತಿ ಅಧಿಕಾರ ಕಸಿದುಕೊಳ್ಳುವ ದಾರಿಯನ್ನು ತೋರಿಸಿಕೊಟ್ಟರು. ದೋಷವಿದ್ದದ್ದು ವಿಪಿಎನ್ ಮುಂತಾದವಕ್ಕೆ ಬೇಕಾದ 'ಟನ್' ಡ್ರೈವರಿನ ಮೂರು ಸಾಲುಗಳಲ್ಲಿ. ಮೊದಲ ಸಾಲು ಒಂದು ಪಾಯಿಂಟರನ್ನು ತರುತ್ತದೆ. ಎರಡನೆಯದು ಆ ಪಾಯಿಂಟರ್ ಹಿಡಿದು ಒಳಗಿನ ಸಾಕೆಟ್ಟಿನ ವಿಳಾಸ ಓದುತ್ತದೆ. ಪಾಯಿಂಟರ್ ನಲ್ ಆಗಿದ್ದರೆ ದೋಷ ಸೂಚಿಸಿ ಹಿಂದಿರುಗು ಎನ್ನುವುದು ಮೂರನೆಯದು. ಓದುವ ಮೊದಲು ಮಾಡಬೇಕಾದ ಪರೀಕ್ಷೆ ಓದಿದ ಮೇಲೆ ಬಂದಿತ್ತು, ಅಷ್ಟೇ ತಪ್ಪು. ಆದರೆ ಜಿಸಿಸಿ ಕಂಪೈಲರಿನ ತರ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಪಾಯಿಂಟರನ್ನು ಆಗಲೇ ಬಳಸಿಯಾಗಿದೆ, ಅಂದಮೇಲೆ ಅದು ನಲ್ ಆಗಿರಲಾರದು, ಹಾಗಾಗಿ ಮೂರನೆಯ ಸಾಲೇ ಬೇಡ. ಅದನ್ನು ಕಿತ್ತುಹಾಕಿತು. ಸಾಮಾನ್ಯವಾಗಿ ನಲ್ ವಿಳಾಸ ಓದಿದರೆ ಕರ್ನಲ್ ಮುಗ್ಗರಿಸಿ ನಿಲ್ಲುತ್ತದೆ. ಶೂನ್ಯ ವಿಳಾಸದ ಪುಟದಲ್ಲಿ ತನಗೆ ಬೇಕಾದ್ದನ್ನು ಮೊದಲೇ ತುಂಬಿಟ್ಟ ದಾಳಿಕಾರನಿಗೆ ಮಾತ್ರ ಅದು ತೆರೆದ ಬಾಗಿಲು. ಸಿವಿಇ-2009-1897 ಎಂದು ದಾಖಲಾದ ಈ ದೋಷದ ನಂತರ ಸಾಲುಗಳ ಕ್ರಮ ಸರಿಹೋಯಿತು. ನಲ್ ಪರೀಕ್ಷೆಗಳನ್ನು ಅಳಿಸಬೇಡ ಎಂದು ಕಂಪೈಲರಿಗೆ ಹೇಳುವ ಸೂಚನೆಯೂ ಕರ್ನಲ್‌ನ ಮೇಕ್‌ಫೈಲಿಗೆ ಸೇರಿತು.

ಚರಿತ್ರೆ ಬರೆಯುವವರಿಗೆ ಇಲ್ಲಿ ಕಾಡುವ ಪ್ರಶ್ನೆ ಬೇರೆ. 'ಮೊದಲು ಬಳಸಿ, ಆಮೇಲೆ ಪರೀಕ್ಷಿಸುವ' ಈ ತಪ್ಪಿನ ಮಾದರಿಯನ್ನು ಡಾಸನ್ ಎಂಗ್ಲರ್ ಮತ್ತು ಅವರ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು 2001ರಲ್ಲೇ ಗುರುತಿಸಿ, ಲಿನಕ್ಸ್ ಕೋಡಿನಿಂದಲೇ ಉದಾಹರಣೆ ಕೊಟ್ಟು, ಯಂತ್ರ ತಾನಾಗಿ ಅದನ್ನು ಹುಡುಕಬಲ್ಲದೆಂದು ತೋರಿಸಿದ್ದರು. ಎಂಟು ವರ್ಷದ ನಂತರ ಅದೇ ತಪ್ಪು ಅದೇ ಕರ್ನಲ್‌ಗೆ ನುಗ್ಗಿತು. ವಿದ್ಯೆಯ ಕೊರತೆ ಇರಲಿಲ್ಲ. ಕೋಡ್ ಬದಲಾದ ಕ್ಷಣದಲ್ಲಿ, ಬದಲಿಸಿದವರ ಕೈಗೆ ಎಚ್ಚರಿಕೆ ಮುಟ್ಟಿಸುವ ವ್ಯವಸ್ಥೆ ಇರಲಿಲ್ಲ. ಸ್ಟ್ಯಾಟಿಕ್ ಅನಾಲಿಸಿಸ್, ಅಂದರೆ ಕೋಡನ್ನು ಓಡಿಸದೆ ಓದಿಯೇ ತಪ್ಪು ಹಿಡಿಯುವ ಕಲೆ, ಗಣಿತದ ಪ್ರಗತಿಯ ಕಥೆಯೆಂದೇ ಸಾಮಾನ್ಯವಾಗಿ ವರ್ಣಿತವಾಗುತ್ತದೆ. ಅದು ಅರ್ಧ ಕಥೆ ಎಂಬುದು ಈ ಲೇಖನದ ವಾದ.

ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1970ರ ದಶಕದ ಕೊನೆಯಲ್ಲಿ ಸಿ ಭಾಷೆಗೆಂದು ಬರೆದ 'ಲಿಂಟ್' ಈ ಪರಂಪರೆಯ ಮೂಲಪುರುಷ. ಕಂಪೈಲರ್ ತಕರಾರಿಲ್ಲದೆ ಒಪ್ಪುವ, ಆದರೆ ಅನುಮಾನಾಸ್ಪದವಾದ ಕೋಡನ್ನು ಅದು ಎತ್ತಿ ತೋರಿಸುತ್ತಿತ್ತು. ತೀರಾ ಹೆಚ್ಚು ತೋರಿಸುತ್ತಿತ್ತು ಎಂಬುದೇ ಅದರ ತೊಂದರೆ.

ಕರ್ನಲ್‌ಗೆಂದೇ ಹೊಸ ದಾರಿ ತೆರೆದದ್ದು 2000ದಲ್ಲಿ. ಲಾಕ್ ಹಾಕಿದವನು ಬಿಡಬೇಕು, ಇಂಟರಪ್ಟ್ ನಿಲ್ಲಿಸಿದವನು ಮತ್ತೆ ಚಾಲೂ ಮಾಡಬೇಕು ಎಂಬಂಥ ನಿಯಮಗಳು ಸಿ ಭಾಷೆಗೆ ಗೊತ್ತಿಲ್ಲ, ಕರ್ನಲ್ ಬರೆಯುವವರಿಗೆ ಮಾತ್ರ ಗೊತ್ತು. ಅವನ್ನು ಪುಟ್ಟ ಪ್ರೋಗ್ರಾಮುಗಳಾಗಿ ಬರೆದು ಕಂಪೈಲರಿಗೇ ಸೇರಿಸಬಹುದೆಂದು ಎಂಗ್ಲರ್ ತಂಡ ತೋರಿಸಿತು. ಲಿನಕ್ಸ್, ಓಪನ್‌ಬಿಎಸ್‌ಡಿ ಮೊದಲಾದವುಗಳಲ್ಲಿ ಸುಮಾರು 500 ದೋಷಗಳನ್ನು ಹಿಡಿಯಿತು. ಡ್ರೈವರುಗಳಲ್ಲಿ ತಪ್ಪಿನ ಪ್ರಮಾಣ ಕರ್ನಲ್‌ನ ಉಳಿದ ಭಾಗಕ್ಕಿಂತ 3ರಿಂದ 7 ಪಟ್ಟಿನವರೆಗೂ ಹೆಚ್ಚು ಎಂಬುದು ಅದೇ ತಂಡದ 2001ರ ಇನ್ನೊಂದು ಅಧ್ಯಯನದ ತೀರ್ಮಾನ. (ಜೂಲಿಯಾ ಲಾವಾಲ್ ಮತ್ತು ಸಂಗಡಿಗರು 2011ರಲ್ಲಿ ಅದೇ ಲೆಕ್ಕ ಮತ್ತೆ ಹಾಕಿದಾಗ ಡ್ರೈವರುಗಳ ಸ್ಥಿತಿ ಸುಧಾರಿಸಿತ್ತು. ಹತ್ತು ವರ್ಷ ಬೈಸಿಕೊಂಡರೆ ಯಾರಾದರೂ ತಿದ್ದಿಕೊಳ್ಳುತ್ತಾರೆ.)

ಸ್ಟ್ಯಾನ್‌ಫರ್ಡ್ ತಂಡ ಕಟ್ಟಿದ ಕವರಿಟಿ ಕಂಪನಿಯ ಅನುಭವವನ್ನು ಎಂಗ್ಲರ್ ಮತ್ತಿತರರು 2010ರಲ್ಲಿ ಬರೆದರು. ಹುಸಿ ಎಚ್ಚರಿಕೆಗಳು ಶೇ. 30 ದಾಟಿದರೆ ಜನ ಸಾಧನವನ್ನೇ ಕಡೆಗಣಿಸುತ್ತಾರೆ, ನಿಜವಾದ ದೋಷಗಳೂ ಆ ರಾಶಿಯಲ್ಲಿ ಕಳೆದುಹೋಗುತ್ತವೆ ಎಂಬುದು ಅದರ ಸಾರ. ನಮ್ಮ ಚಿಕ್ಕಬಳ್ಳಾಪುರ ಸೀಮೆಯವರಿಗೆ ಇದು ಹೊಸ ಸಮಸ್ಯೆಯಲ್ಲ. ದೂರ ದೇಶದ ಭೂಗತ ಅಣು ಸ್ಫೋಟವನ್ನು ಭೂಕಂಪದಿಂದ ಬೇರ್ಪಡಿಸಿ ಗುರುತಿಸಲೆಂದು ಭಾಭಾ ಅಣು ಸಂಶೋಧನಾ ಕೇಂದ್ರ 1965ರಿಂದ ಗೌರಿಬಿದನೂರಿನಲ್ಲಿ ಕಂಪನಮಾಪಕಗಳ ಸಾಲನ್ನೇ ನೆಟ್ಟಿದೆ. ಒಂದೇ ಮಾಪಕವಾದರೆ ಪಕ್ಕದ ರಸ್ತೆಯ ಲಾರಿಯೂ ಸದ್ದು ಮಾಡುತ್ತದೆ. ಮೈಲಿಗಟ್ಟಲೆ ಹರಡಿದ ಮಾಪಕಗಳು ಒಂದಕ್ಕೊಂದು ಹೊಂದುವ ಸಾಕ್ಷ್ಯ ನುಡಿದಾಗಲೇ ಸಂಕೇತಕ್ಕೆ ಬೆಲೆ. ಕರ್ನಲ್ ಪರೀಕ್ಷಕರ ಮುಂದಿದ್ದದ್ದೂ ಇದೇ ಬಗೆಯ ಕೆಲಸ, ಮತ್ತು ಇಲ್ಲಿ ದಾರಿ ಎರಡಾಯಿತು.

ಮೊದಲ ದಾರಿ ಲಿನಕ್ಸ್‌ನವರದು. ಲಿನಸ್ ಟೊರ್ವಾಲ್ಡ್ಸ್ 2003ರಲ್ಲಿ 'ಸ್ಪಾರ್ಸ್' ಬರೆದರು. ಬಳಕೆದಾರನ ಕಡೆಯಿಂದ ಬಂದ ಪಾಯಿಂಟರಿಗೆ ಒಂದು ಗುರುತು ಹಚ್ಚಿಟ್ಟರೆ, ಅದನ್ನು ಕರ್ನಲ್ ನೇರವಾಗಿ ಮುಟ್ಟಿದಲ್ಲೆಲ್ಲ ಸ್ಪಾರ್ಸ್ ಕೂಗುತ್ತದೆ. ಡ್ಯಾನ್ ಕಾರ್ಪೆಂಟರ್ ಅವರ 'ಸ್ಮ್ಯಾಚ್' ಸ್ಟ್ಯಾನ್‌ಫರ್ಡ್ ಪ್ರಬಂಧಗಳಿಂದಲೇ ಪ್ರೇರಣೆ ಪಡೆದದ್ದು. ಟನ್ ದೋಷದ ಜಾತಿಯ ತಪ್ಪಿಗೆ ಅದರಲ್ಲಿ ಪ್ರತ್ಯೇಕ ಎಚ್ಚರಿಕೆಯೇ ಇದೆ. ಲಾವಾಲ್, ಜಿಲ್ ಮುಲ್ಲರ್ ಮೊದಲಾದವರ 'ಕಾಕ್ಸಿನೆಲ್' ತಪ್ಪು ತೋರಿಸುವುದರ ಜೊತೆಗೆ ತಿದ್ದುಪಡಿಯನ್ನೂ ಬರೆದುಕೊಡುತ್ತದೆ. ಇವ್ಯಾವುವೂ ಎಲ್ಲ ತಪ್ಪುಗಳನ್ನು ಹಿಡಿಯುತ್ತೇವೆಂದು ಹೇಳಿಕೊಳ್ಳುವುದಿಲ್ಲ.

ಎರಡನೆಯ ದಾರಿ, ತಪ್ಪಿಲ್ಲವೆಂದು ತರ್ಕದಿಂದ ಸಾಧಿಸಿ ತೋರಿಸುವುದು, ಮೈಕ್ರೋಸಾಫ್ಟ್ ನೆಲೆಯಾದ ರೆಡ್ಮಂಡ್‌ನಿಂದ ಬೆಂಗಳೂರಿಗೆ ಬಂತು. ವಿಂಡೋಸ್ ಎಕ್ಸ್‌ಪಿ ಕುಸಿತಗಳಲ್ಲಿ ಶೇ. 85ರಷ್ಟಕ್ಕೆ ಡ್ರೈವರುಗಳೇ ಕಾರಣವೆಂಬ ಲೆಕ್ಕ ಚಾಲ್ತಿಯಲ್ಲಿದ್ದ ಕಾಲ. ಮೈಕ್ರೋಸಾಫ್ಟ್ ರಿಸರ್ಚ್‌ನ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ 'ಸ್ಲ್ಯಾಮ್' ಯೋಜನೆಯಲ್ಲಿ ಡ್ರೈವರಿನ ಕೋಡನ್ನು, ನಿಜ-ಸುಳ್ಳು ಎಂಬ ಎರಡೇ ಬೆಲೆಗಳಿರುವ ಸರಳ ಪ್ರೋಗ್ರಾಮಾಗಿ ಇಳಿಸಿದರು. ಆ ಸರಳ ರೂಪದಲ್ಲಿ ಲಾಕನ್ನು ಎರಡು ಬಾರಿ ಹಾಕುವ ದಾರಿ ಕಂಡಿತೆನ್ನಿ. ಸಾಧನ ತಕ್ಷಣ ಕೂಗುವುದಿಲ್ಲ. ಮೂಲ ಕೋಡಿನಲ್ಲಿ ಆ ದಾರಿ ಹಿಡಿಯಲು ಸಾಧ್ಯವೇ ಎಂದು ನೋಡುತ್ತದೆ. ಅಸಾಧ್ಯವಾದರೆ, ಏಕೆ ಅಸಾಧ್ಯ ಎಂಬ ಕಾರಣವನ್ನೇ ಹೊಸ ನಿಜ-ಸುಳ್ಳು ಪ್ರಶ್ನೆಯಾಗಿ ಸೇರಿಸಿಕೊಂಡು ಮತ್ತೆ ಶುರುಮಾಡುತ್ತದೆ. ಡ್ರೈವರ್ ಬರೆಯುವವರಿಗೆ ಮೈಕ್ರೋಸಾಫ್ಟ್ ಕೊಟ್ಟ 'ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್' ಸಾಧನದ ಎಂಜಿನ್ ಇದೇ. ಹುಸಿ ಎಚ್ಚರಿಕೆ ಶೇ. 4ಕ್ಕಿಂತ ಕಡಿಮೆ ಎಂಬುದು ಸ್ಲ್ಯಾಮ್‌ನ ಎರಡನೆಯ ಆವೃತ್ತಿಯ ಕುರಿತ 2010ರ ಪ್ರಬಂಧದ ಶೀರ್ಷಿಕೆಯಲ್ಲೇ ಇದೆ.

ಮೈಕ್ರೋಸಾಫ್ಟ್ ರಿಸರ್ಚ್‌ನ ಬೆಂಗಳೂರು ಪ್ರಯೋಗಾಲಯ ಶುರುವಾದದ್ದು 2005ರ ಜನವರಿಯಲ್ಲಿ. ರಾಜಮಣಿ ಇಲ್ಲಿಗೆ ಬಂದರು, ಮುಂದೆ ಅದರ ನಿರ್ದೇಶಕರೂ ಆದರು. ನೆಲ ಹದವಾಗಿಯೇ ಇತ್ತು: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಕಂಪೈಲರ್ ಅಧ್ಯಯನವನ್ನು ಬೆಳೆಸಿದ್ದರು. 2006ರಲ್ಲಿ ಆದಿತ್ಯ ನೋರಿ, ರಾಜಮಣಿ ಮತ್ತಿತರರು ಪ್ರಕಟಿಸಿದ 'ಸಿನರ್ಜಿ' ವಿಧಾನ, ಅದರಿಂದ ಬೆಳೆದ 'ಯೋಗಿ' ಸಾಧನ, ಸ್ಲ್ಯಾಮ್‌ನ ಒಂದು ದೌರ್ಬಲ್ಯಕ್ಕೆ ಕೈಹಾಕಿದವು. ಸ್ಲ್ಯಾಮ್ ಓದುತ್ತದೆ, ಓಡಿಸುವುದಿಲ್ಲ. ಯೋಗಿ ಎರಡನ್ನೂ ಮಾಡುತ್ತದೆ. ಓಡಿಸಿದ ಪರೀಕ್ಷೆ ಕೆಟ್ಟ ಸ್ಥಿತಿ ಮುಟ್ಟಿದರೆ ದೋಷ ಖಚಿತ, ವಾದವಿಲ್ಲ. ಮುಟ್ಟದೆ ನಿಂತ ಜಾಗ, ದೋಷವಿಲ್ಲವೆಂಬ ಸಾಧನೆ ಎಲ್ಲಿಂದ ಮುಂದುವರಿಯಬೇಕು ಎಂಬುದನ್ನು ಹೇಳಿಕೊಡುತ್ತದೆ. ಆಮೇಲೆ ಇದೇ ಪ್ರಯೋಗಾಲಯದ ಆಕಾಶ್ ಲಾಲ್, ರೆಡ್ಮಂಡ್‌ನ ಶಾಜ್ ಖದೀರ್ ಮತ್ತು ಶುವೇಂದು ಲಾಹಿರಿ ಜೊತೆಗೂಡಿ 2012ರಲ್ಲಿ 'ಕೊರಾಲ್' ತಂದರು. ಫಂಕ್ಷನ್ನುಗಳನ್ನು ಒಮ್ಮೆಗೇ ಬಿಚ್ಚದೆ, ಬೇಕೆನಿಸಿದಷ್ಟನ್ನೇ ಹಂತಹಂತವಾಗಿ ಬಿಚ್ಚಿ ತರ್ಕಯಂತ್ರಕ್ಕೆ ಒಪ್ಪಿಸುವುದು ಅದರ ಉಪಾಯ. 2014ರ ಹೊತ್ತಿಗೆ ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರಿನಲ್ಲಿ ಸ್ಲ್ಯಾಮ್ ಜಾಗಕ್ಕೆ ಕೊರಾಲ್ ಬಂದಿತ್ತು. ಕರ್ನಾಟಕದಲ್ಲಿ ನಡೆದ ಕರ್ನಲ್ ಸಂಶೋಧನೆಯಲ್ಲಿ ಇಷ್ಟು ದೂರ ತಲುಪಿದ್ದು ಬೇರೆ ನನ್ನ ಗಮನಕ್ಕೆ ಬಂದಿಲ್ಲ.

ಹಾಗಿದ್ದೂ ಗೆದ್ದದ್ದು ಮೊದಲ ದಾರಿ. ಗೆಲ್ಲಿಸಿದ್ದು ಉತ್ತಮ ತರ್ಕವಲ್ಲ, ಅಂಚೆ ವ್ಯವಸ್ಥೆ. ಇಂಟೆಲ್‌ನ ಫೆಂಗ್‌ಗುವಾಂಗ್ ವು 2010ರ ದಶಕದ ಆರಂಭದಲ್ಲಿ ಕಟ್ಟಿದ ಕರ್ನಲ್ ಟೆಸ್ಟ್ ರೋಬಾಟ್, ಹೊಸ ಪ್ಯಾಚುಗಳನ್ನು ತಾನಾಗಿ ಎತ್ತಿಕೊಂಡು, ಹಲವು ಸಂರಚನೆಗಳಲ್ಲಿ ಕಂಪೈಲ್ ಮಾಡಿ, ಸ್ಪಾರ್ಸ್, ಸ್ಮ್ಯಾಚ್, ಕಾಕ್ಸಿನೆಲ್‌ಗಳನ್ನು ಹರಿಸಿ, ಬರೆದವರಿಗೇ ಇ-ಮೇಲ್ ಕಳಿಸುತ್ತದೆ. ಅದರ ಜಾಣತನ ಒಂದೇ: ಹಳೆಯ ಎಚ್ಚರಿಕೆಗಳ ರಾಶಿಯನ್ನು ಬದಿಗಿಟ್ಟು, ಈ ಬದಲಾವಣೆಯಿಂದ ಹುಟ್ಟಿದ್ದನ್ನು ಮಾತ್ರ ಹೇಳುವುದು. ಸಾಧನ ಹಳೆಯದೇ ಇರಬಹುದು, ಆದರೆ ಕೋಡ್ ಇನ್ನೂ ಬರೆದವರ ತಲೆಯಲ್ಲಿದೆ. ತಿದ್ದಲು ಹೆಚ್ಚು ಹೊತ್ತು ಬೇಡ. ಇದಕ್ಕೆ ಹೊರಗಿನ ಸಾಕ್ಷ್ಯವೂ ಉಂಟು. ಫೇಸ್‌ಬುಕ್ ಎಂಜಿನಿಯರುಗಳು 2019ರಲ್ಲಿ ಪ್ರಕಟಿಸಿದ ಅನುಭವದಂತೆ, ಎಚ್ಚರಿಕೆಗಳ ಪಟ್ಟಿಯನ್ನು ಒಟ್ಟಾಗಿ ಕೊಟ್ಟಾಗ ತಿದ್ದಿದವರು ಹೆಚ್ಚುಕಡಿಮೆ ಯಾರೂ ಇಲ್ಲ. ಕೋಡ್ ಬದಲಾವಣೆಯ ಪರಿಶೀಲನೆಯ ಹೊತ್ತಿಗೇ ಕೊಟ್ಟಾಗ ಶೇ. 70ಕ್ಕೂ ಹೆಚ್ಚು ತಿದ್ದುಪಡಿಯಾದವು. ಅತ್ತ ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್, ವಿಂಡೋಸ್ 11ರ 24ಎಚ್2 ಆವೃತ್ತಿಯ ಡ್ರೈವರ್ ಕಿಟ್‌ನಲ್ಲಿ ಇಲ್ಲ. ಡ್ರೈವರುಗಳ ಪರೀಕ್ಷೆಗೆ ಮೈಕ್ರೋಸಾಫ್ಟ್ ಈಗ ಕೋಡ್‌ಕ್ಯೂಎಲ್ ಬಳಸಲು ಹೇಳುತ್ತದೆ.

ತಪ್ಪಿಲ್ಲವೆಂದು ಸಾಧಿಸುವ ದಾರಿ ಹಾಗಂತ ಮುಚ್ಚಿಲ್ಲ, ಚಿಕ್ಕ ಕರ್ನಲ್‌ಗಳ ಕಡೆ ತಿರುಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ನಿಕಿತಾ ಚೋಪ್ರಾ, ರೇಖಾ ಪೈ ಮತ್ತು ದೀಪಕ್ ಡಿಸೋಜ 2019ರಲ್ಲಿ ಇಂಟರಪ್ಟ್‌ಗಳಿಂದ ನಡೆಯುವ ಕರ್ನಲ್‌ಗಳಲ್ಲಿ ಡೇಟಾ ರೇಸ್ (ಒಂದೇ ದತ್ತಾಂಶಕ್ಕೆ ಎರಡು ಕಡೆಯಿಂದ ಏಕಕಾಲಕ್ಕೆ ಕೈಹಾಕುವ ತಪ್ಪು) ಹಿಡಿಯುವ ಸಿದ್ಧಾಂತ ರೂಪಿಸಿ, ಫ್ರೀಆರ್‌ಟಿಒಎಸ್ ಮೇಲೆ ಅದನ್ನು ಪ್ರಯೋಗಿಸಿದರು. ಇಂಥ ಕರ್ನಲ್‌ನಲ್ಲಿ ರಕ್ಷಣೆ ಬರಿಯ ಲಾಕಿನಿಂದಲೇ ಆಗುವುದಿಲ್ಲ, ಇಂಟರಪ್ಟ್ ನಿಲ್ಲಿಸುವುದು, ಶೆಡ್ಯೂಲರನ್ನು ತಡೆಹಿಡಿಯುವುದು ಎಲ್ಲ ಸೇರಿರುತ್ತವೆ. ಕೋಡಿನ ಯಾವ ಎರಡು ತುಂಡುಗಳು ಎಂದೂ ಒಂದರ ಮೇಲೊಂದು ಬೀಳಲಾರವು ಎಂಬ ಕಲ್ಪನೆಯಿಂದಲೇ ಅವರು ವಿಶ್ಲೇಷಣೆ ಕಟ್ಟಿದರು. ಫ್ರೀಆರ್‌ಟಿಒಎಸ್‌ನಂಥ ಪುಟ್ಟ ಕರ್ನಲ್ ಕೂರುವುದು ಸೆನ್ಸರ್, ಮೋಟಾರ್ ನಿಯಂತ್ರಕಗಳಂಥ ಉಪಕರಣಗಳಲ್ಲಿ. ಅಲ್ಲಿ ಹೊಸ ಆವೃತ್ತಿ ತುಂಬಿ ತಿದ್ದಿಕೊಳ್ಳೋಣ ಎನ್ನುವುದು ಸುಲಭವಲ್ಲ, ಮೊದಲೇ ಸಾಧಿಸಿ ತೋರಿಸುವುದು ಲೇಸು.

ಈ ಕೆಲಸ ಬೆಂಗಳೂರಿನ ಪ್ರಯೋಗಾಲಯಗಳಿಗೇ ಮೀಸಲಾಗಬೇಕಿಲ್ಲ. ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ಮಹಾವಿದ್ಯಾಲಯ 1986ರಿಂದ ನಡೆಯುತ್ತಿದೆ. ಕಳವಾರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಎಷ್ಟೋ ಮಕ್ಕಳು ಇಂಥ ಕಾಲೇಜುಗಳಲ್ಲಿ ಆಪರೇಟಿಂಗ್ ಸಿಸ್ಟಂ ಓದುತ್ತಾರೆ, ಕರ್ನಲ್ ಮುಟ್ಟದೆಯೇ ಪಾಸಾಗುತ್ತಾರೆ. ಮುಟ್ಟಲು ಬೇಕಾದ್ದೆಲ್ಲ ಉಚಿತವಾಗಿಯೇ ಸಿಗುತ್ತದೆ. ಅಧ್ಯಾಪಕರು ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೆ ಕರ್ನಲ್‌ನ 'ಸ್ಟೇಜಿಂಗ್' (ಇನ್ನೂ ಪಕ್ವವಾಗದ) ಡ್ರೈವರುಗಳ ಮೇಲೆ ಸ್ಮ್ಯಾಚ್ ಓಡಿಸಲು ಹೇಳಲಿ. ಬಂದ ಎಚ್ಚರಿಕೆಗಳಲ್ಲಿ ಯಾವುದು ನಿಜ, ಯಾವುದು ಹುಸಿ ಎಂದು ವಿದ್ಯಾರ್ಥಿಗಳು ಕಾರಣ ಸಹಿತ ಬರೆಯಲಿ, ನಿಜವಾದ್ದಕ್ಕೆ ಪ್ಯಾಚ್ ಕಳಿಸಲಿ. ರೋಬಾಟ್ ಅದನ್ನೂ ಪರೀಕ್ಷಿಸಿ, ತಪ್ಪು ಕಂಡರೆ ಉತ್ತರ ಕಳಿಸುತ್ತದೆ.